ಶೇ 5ರ ಮಿತಿ ಸಂಘಗಳ ಕೆಲಸಕ್ಕಲ್ಲ

ಮಾನ್ಯ ಸಂಪಾದಕರೇ,

ಸಾಮಾಜಿಕವಾಗಿ ಹಿಂದುಳಿದವರು ಎದುರಿಸುವ ಅಸಮಾನತೆ ತಗ್ಗಿಸುವ ಕೆಲಸಕ್ಕೂ ಸಿಎಸ್‌ಆರ್‌ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಬಳಸಬಹುದೆಂದು ಕಂಪನಿ ಕಾಯ್ದೆ 2013ರ 7ನೇ ಅನುಸೂಚಿಯಲ್ಲೇ ಇದೆ. ಆದರೆ ಯಾದಗಿರಿಯ ತಾಂಡಾ, ದಲಿತ ಕೇರಿಗಳಿಗೆ ಹೆಚ್ಚಾಗಿ ಬರುವುದು ಬೆಂಚು, ಬ್ಯಾಗು. ಮೇಲೆ ಅಂಗೈಯಗಲ ಲೋಗೊ. ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಹಿಡಿದು ನಾಡಕಚೇರಿಗೆ ಅಲೆಯುವ ಕಾರ್ಯಕರ್ತೆಗೆ ಈ ಹಣದಲ್ಲಿ ಸಂಬಳ ಕೇಳಿದರೆ ಕಂಪನಿಯವರು ‘ಆಡಳಿತ ವೆಚ್ಚ ಶೇ 5 ದಾಟುವಂತಿಲ್ಲ’ ಎನ್ನುತ್ತಾರೆ. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್‌ ಆಡಳಿತಕ್ಕೆ. ಯೋಜನೆ ಜಾರಿಯ ನೇರ ಖರ್ಚಿಗಲ್ಲ. ಬಜೆಟ್‌ನಲ್ಲಿ ಈ ಸಂಬಳವನ್ನು ‘ಕಚೇರಿ ವೆಚ್ಚ’ ಎಂದು ಬರೆದರೆ ಕೆಟ್ಟಿತು, ‘ಯೋಜನಾ ಅನುಷ್ಠಾನ’ದಡಿ ತೋರಿಸಬೇಕು. ಹಣ ಕೇಳುವ ಸಂಘಕ್ಕೆ 12ಎ, 80ಜಿ ಎನ್ನುವ ಆದಾಯ ತೆರಿಗೆ ನೋಂದಣಿ, ಸಿಎಸ್‌ಆರ್‌–1 ಎಂಬ ಕಂಪನಿ ವ್ಯವಹಾರ ಸಚಿವಾಲಯದ ನೋಂದಣಿ ಜೊತೆಗೆ 3 ವರ್ಷದ ಅನುಭವವನ್ನೂ ಕೇಳುತ್ತಾರೆ. ನಿನ್ನೆ ಮೊನ್ನೆ ಹುಟ್ಟಿದ ಕೇರಿಯ ಸಂಘ ಮುಗ್ಗರಿಸುವುದು ಇಲ್ಲೇ.

– ಸಂಘಗಳ ಲೆಕ್ಕಪತ್ರ ನೋಡುವ ಗೆಳೆಯರು, ಶಹಾಪುರ