ಥಂಬ್ ಹಾಕಿಸು, ಆದರೆ ಮೊದಲು ಆರ್ಮ್ ನೋಡು

ಪ್ರೀತಿಯ ಗೆಳೆಯಾ,

ನಿನ್ನ ಬ್ಯಾಕ್‌ಹೋಗೆ, ಅಂದರೆ ಹಿಂದೆ ಅಗೆಯುವ ಬಕೆಟ್ ಇರುವ ಗಾಡಿಗೆ, ಥಂಬ್ ಹಾಕಿಸಬೇಕಾ, ಅಷ್ಟು ದುಡ್ಡು ಹಾಕಿದರೆ ಉಪಯೋಗ ಆಗುತ್ತಾ ಅಂತ ಕೇಳಿದ್ದೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಕಿಸು. ಎಣ್ಣೆಯ ಒತ್ತಡದಿಂದ ಆಡುವ ಹೈಡ್ರಾಲಿಕ್ ಬೇಡ, ಪಿನ್ ಹಾಕಿ ನಿಲ್ಲಿಸುವ ಸಾದಾ ಮೆಕ್ಯಾನಿಕಲ್ ಥಂಬ್ ಸಾಕು. ಅದಕ್ಕೂ ಅಡ್ವಾನ್ಸ್ ಕೊಡುವ ಮೊದಲು ಗಾಡಿಯ ಆರ್ಮ್, ಅಂದರೆ ಬಕೆಟ್ ಹಿಡಿದಿರುವ ತೋಳು, ಹೇಗಿದೆ ಅಂತ ನೋಡಬೇಕು. ಇದೇ ಯೋಚನೆಯಲ್ಲಿ ಇರುವ ಬೇರೆಯವರಿಗೂ ಸಹಾಯ ಆಗಲಿ ಅಂತ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಒಂದಿಷ್ಟು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಥಂಬ್ ಅಂದರೆ ಆರ್ಮ್‌ನ ಒಳಬದಿಯಲ್ಲಿ, ಬಕೆಟ್‌ಗೆ ಎದುರಾಗಿ ಕೂರುವ ದಪ್ಪ ಉಕ್ಕಿನ ಬೆರಳು. ಬಕೆಟ್ ಒಳಗೆ ಮಡಚಿದಾಗ ಅದರ ಹಲ್ಲುಗಳು ಬಂದು ಈ ಬೆರಳಿಗೆ ಸೇರುತ್ತವೆ. ನಡುವೆ ಇರುವ ದಿಮ್ಮಿಯೋ ಕಲ್ಲೋ ಹಿಡಿತಕ್ಕೆ ಸಿಗುತ್ತದೆ. ಬರೀ ಬಕೆಟ್ ಆದರೆ ಅಗೆಯಬಹುದು, ಗೋರಬಹುದು, ತಳ್ಳಬಹುದು. ಹಿಡಿಯಲು ಆಗುವುದಿಲ್ಲ.

ನೀನು ಬರೆದ ಕೆಲಸಗಳಲ್ಲಿ ಮುಕ್ಕಾಲು ಪಾಲು ಹಿಡಿಯುವ ಕೆಲಸವೇ ಇದೆ. ಕಡಿದ ಮರದ ಬುಡ, ಕೊಂಬೆಗಳ ರಾಶಿ, ಗುಂಡುಕಲ್ಲು, ಒಡೆದ ಕಾಂಕ್ರೀಟ್ ಚೂರು. ಕಾಲುವೆ ತೋಡುವುದು ನಡುನಡುವೆ ಮಾತ್ರ. ಇದೇ ತಿರುಗಾಮುರುಗಾ ಆಗಿದ್ದರೆ, ದಿನವಿಡೀ ಪೈಪ್‌ಲೈನಿಗೆ ಕಾಲುವೆ ತೋಡುವವನಾಗಿದ್ದರೆ, ಥಂಬ್ ಬೇಡವೇ ಬೇಡ ಅನ್ನುತ್ತಿದ್ದೆ. ಸುಮ್ನೆ ಭಾರ ಹೊತ್ತುಕೊಂಡು ಓಡಾಡಿದ ಹಾಗೆ ಆಗುತ್ತದೆ.

ಕೆಲಸ ಬೇಗ ಮುಗಿಯುತ್ತದಾ ಅಂತ ನೀನು ಕೇಳಿದ್ದೆ. ಮುಗಿಯುತ್ತದೆ. ಆದರೆ ನಾನು ಥಂಬ್ ಬೇಕು ಅನ್ನುವುದು ಅದಕ್ಕಲ್ಲ. ಸರಪಳಿ ಕಟ್ಟುವ ಹುಡುಗನಿಗಾಗಿ.

ಥಂಬ್ ಇಲ್ಲದ ಗಾಡಿಯಲ್ಲಿ ದಿಮ್ಮಿ ಎತ್ತುವುದನ್ನು ಒಮ್ಮೆ ನೆನಪಿಸಿಕೋ. ಆಪರೇಟರ್ ಬಕೆಟನ್ನು ದಿಮ್ಮಿಯ ಮೇಲೆ ತಂದು ನಿಲ್ಲಿಸುತ್ತಾನೆ. ಕೆಳಗಿರುವವನು ಸರಪಳಿ ಹಿಡಿದು ಬಗ್ಗಿ, ದಿಮ್ಮಿಯ ಅಡಿಗೆ ಕೈ ತೂರಿಸುತ್ತಾನೆ. ಆ ಕಡೆಯಿಂದ ಎಳೆದು, ಕೊಕ್ಕೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ಸನ್ನೆ ಮಾಡುತ್ತಾನೆ. ಆರ್ಮನ್ನು ಹೊತ್ತ ಉದ್ದ ತೋಳು, ಬೂಮ್, ಏಳುತ್ತದೆ. ದಿಮ್ಮಿ ತೂಗಾಡುತ್ತಾ ತಿರುಗತೊಡಗುತ್ತದೆ. ಅದನ್ನು ತಡೆಯಲು ಅವನೇ ಮತ್ತೆ ಹತ್ತಿರ ಬಂದು ಕೈ ಕೊಡುತ್ತಾನೆ. ಇಳಿಸಿದ ಮೇಲೆ ಬಿಚ್ಚಲು ಮತ್ತೆ ಬಗ್ಗಬೇಕು. ಇಷ್ಟು ಹೊತ್ತೂ ಅವನ ತಲೆ ಬಕೆಟ್ ಹಲ್ಲಿನಿಂದ ಒಂದು ಮಾರು ದೂರವೂ ಇರುವುದಿಲ್ಲ. ಮೇಲೆ ಕೂತವನ ಕೈ ಲಿವರ್ ಮೇಲೆ. ಇಂಜಿನ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ.

50 ಸೆಂಟಿಮೀಟರ್ ದಪ್ಪ, 3 ಮೀಟರ್ ಉದ್ದದ ಹಸಿ ದಿಮ್ಮಿ ಅರ್ಧ ಟನ್ ಆಸುಪಾಸು ತೂಗುತ್ತದೆ. ಅದು ಜಾರಿ ಬಿದ್ದರೆ ಕಾಲು ಎಳೆದುಕೊಳ್ಳುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಥಂಬ್ ಇದ್ದರೆ ಆ ಮನುಷ್ಯ ಅಲ್ಲಿ ಇರಬೇಕಾಗಿಯೇ ಇಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಬೇರೆ ಯಾವ ಲೆಕ್ಕವನ್ನೂ ಹಾಕದೆ ಇದೊಂದಕ್ಕೇ ತೆಗೆದುಕೊಳ್ಳುತ್ತಿದ್ದೆ.

ಇನ್ನು ಹೈಡ್ರಾಲಿಕ್ ಯಾಕೆ ಬೇಡ ಅಂದೆ ಅನ್ನುವ ವಿಷಯ. ಮಾರುವವರು ನಿನಗೆ ಅದನ್ನೇ ತೋರಿಸುತ್ತಾರೆ, ಮತ್ತು ಅದು ನಿಜವಾಗಿಯೂ ಒಳ್ಳೆಯ ವಸ್ತು. ಥಂಬ್‌ಗೆ ತನ್ನದೇ ಸಿಲಿಂಡರ್ ಇರುತ್ತದೆ. ಸೀಟಿನಲ್ಲಿ ಕೂತೇ ತೆಗೆದು ಮುಚ್ಚಬಹುದು. ಬಕೆಟ್ ಮಡಚಿದಂತೆ ಥಂಬ್ ಅದರ ಜೊತೆಯಲ್ಲೇ ಚಲಿಸುತ್ತದೆ, ಆದ್ದರಿಂದ ಹಿಡಿದ ಕಲ್ಲನ್ನು ಬಿಡದೆಯೇ ಹೊರಳಿಸಿ, ಬೇಕಾದ ಮುಖ ಮೇಲೆ ಬರುವಂತೆ ಕೂರಿಸಬಹುದು. ಕಲ್ಲಿನ ಗೋಡೆ ಕಟ್ಟುವವರಿಗೆ, ಕಟ್ಟಡ ಒಡೆಯುವವರಿಗೆ ಇದು ಬೇಕೇ ಬೇಕು.

ಆದರೆ ಅದಕ್ಕೆ ಎಣ್ಣೆ ಎಲ್ಲಿಂದ ತರುತ್ತೀಯಾ? ನಿನ್ನ ಗಾಡಿಯಲ್ಲಿ ಬ್ರೇಕರ್ ಲೈನ್ (ಕಲ್ಲು ಒಡೆಯುವ ಸುತ್ತಿಗೆಗೆ ಎಣ್ಣೆ ಒಯ್ಯುವ ಪೈಪು) ಇದೆ, ಅದಕ್ಕೇ ಕೊಟ್ಟರಾಯಿತು ಅಂತ ಬರೆದಿದ್ದೀಯಾ. ಇಲ್ಲಿ ಸ್ವಲ್ಪ ನಿಲ್ಲು. ಸಾಮಾನ್ಯವಾಗಿ ಬ್ರೇಕರ್ ಲೈನಿನಲ್ಲಿ ಎಣ್ಣೆ ಒಂದೇ ದಿಕ್ಕಿಗೆ ಹರಿಯುತ್ತದೆ. ಒಂದು ಪೈಪಿನಿಂದ ಹೋಗಿ ಬ್ರೇಕರ್ ಹೊಡೆಸುತ್ತದೆ, ಇನ್ನೊಂದರಿಂದ ನೇರ ಟ್ಯಾಂಕಿಗೆ ವಾಪಸ್. ಥಂಬ್ ಸಿಲಿಂಡರ್‌ಗೆ ಎರಡೂ ದಿಕ್ಕಿನಿಂದ ಒತ್ತಡ ಬೇಕು, ಒಮ್ಮೆ ಮುಚ್ಚಲು, ಒಮ್ಮೆ ತೆಗೆಯಲು. ನಿನ್ನ ಲೈನ್ ಎರಡು ದಿಕ್ಕಿನದಲ್ಲದಿದ್ದರೆ ಹೊಸ ವಾಲ್ವ್, ಹೊಸ ಲಿವರ್, ಬೂಮ್ ಉದ್ದಕ್ಕೂ ಹೊಸ ಹೋಸ್ ಎಲ್ಲ ಬೇಕಾಗುತ್ತದೆ. ಥಂಬ್‌ಗೆ ಕೊಡುವುದಕ್ಕಿಂತ ಇವುಗಳಿಗೇ ಜಾಸ್ತಿ ಖರ್ಚಾದರೂ ಆಶ್ಚರ್ಯ ಇಲ್ಲ.

ಇನ್ನೊಂದು ವಿಷಯ ಇದೆ. ಬಕೆಟ್ ಸಿಲಿಂಡರ್ ದಪ್ಪ, ಥಂಬ್ ಸಿಲಿಂಡರ್ ಸಣ್ಣದು. ಬಕೆಟ್ ಪೂರ್ತಿ ಬಲದಲ್ಲಿ ಮಡಚಿದರೆ ಥಂಬ್ ಸೋಲಲೇಬೇಕು. ಸೋಲುವಾಗ ಎಣ್ಣೆ ತಪ್ಪಿಸಿಕೊಳ್ಳಲು ಒಂದು ರಿಲೀಫ್ ವಾಲ್ವ್ ಬೇಕು. ಅದು ಇಲ್ಲದಿದ್ದರೆ ರಾಡ್ ಬಾಗುತ್ತದೆ, ಇಲ್ಲವೇ ಸೀಲ್ ಕಿತ್ತುಹೋಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಇದು ಇಲ್ಲದೆಯೂ ಇರಬಹುದು. ಇಷ್ಟಾದ ಮೇಲೂ ಹೈಡ್ರಾಲಿಕ್ಕೇ ಬೇಕು ಅನ್ನಿಸಿದರೆ, ಆ ವಾಲ್ವ್ ಎಲ್ಲಿದೆ ತೋರಿಸಿ ಅಂತ ಕೇಳಿಯೇ ತೆಗೆದುಕೋ.

ಮೆಕ್ಯಾನಿಕಲ್ ಥಂಬ್‌ನಲ್ಲಿ ಈ ತಲೆನೋವು ಒಂದೂ ಇಲ್ಲ. ಥಂಬ್ ಹಿಂದೆ ಒಂದು ಊರುಗೋಲು ಪಟ್ಟಿ, ಅದರಲ್ಲಿ ಕೆಲವು ತೂತು. ಯಾವ ತೂತಿಗೆ ಪಿನ್ ಹಾಕುತ್ತೀಯೋ ಆ ಕೋನದಲ್ಲಿ ಥಂಬ್ ನಿಲ್ಲುತ್ತದೆ. ದಪ್ಪ ದಿಮ್ಮಿಗೆ ಒಂದು ತೂತು, ಸಣ್ಣ ಕೊಂಬೆಗೆ ಇನ್ನೊಂದು. ಬೇಡವಾದಾಗ ಮೇಲೆ ಮಡಚಿ ಆರ್ಮ್‌ಗೆ ಒರಗಿಸಿ ಪಿನ್ ಹಾಕಿದರೆ ಆಯಿತು. ಹಿಡಿಯುವ ಬಲವೆಲ್ಲ ಬಕೆಟ್ ಸಿಲಿಂಡರ್‌ನದೇ. ಕಷ್ಟ ಒಂದೇ, ಕೋನ ಬದಲಿಸಬೇಕಾದರೆ ಇಂಜಿನ್ ಆಫ್ ಮಾಡಿ ಕೆಳಗಿಳಿಯಬೇಕು. ನಿನ್ನ ಕೆಲಸದಲ್ಲಿ ಒಂದು ದಿನ ಕೊಂಬೆ, ಒಂದು ದಿನ ಕಲ್ಲು. ಗಳಿಗೆಗೊಮ್ಮೆ ಇಳಿಯುವ ಪ್ರಸಂಗ ಬರುವುದಿಲ್ಲ. ಆದರೆ ಒಂದು ಎಚ್ಚರ: ಇದು ಬಗ್ಗದ ಊರುಗೋಲು, ಒತ್ತಡ ತಪ್ಪಿಸಲು ರಿಲೀಫ್ ಇಲ್ಲ. ಲಿವರ್ ಎಳೆದಷ್ಟೂ ಬಲ ನೇರ ಆರ್ಮ್‌ಗೇ ಹೋಗುತ್ತದೆ. ಕಲ್ಲು ಅಲುಗದಷ್ಟು ಹಿಡಿದರೆ ಸಾಕು, ಹಿಂಡುವುದು ಬೇಡ.

ಈಗ ಆರ್ಮ್ ವಿಷಯಕ್ಕೆ ಬರುತ್ತೇನೆ. ಎಷ್ಟೋ ಜನ ಎಡವುವುದು ಇಲ್ಲೇ. ನಿನ್ನದು ಉದ್ದ ಚಾಚುವ ಆರ್ಮ್ ಇರುವ ಗಾಡಿ ಅಲ್ವಾ? ಅಂಥ ಆರ್ಮ್ ಅಂದರೆ ಒಂದರೊಳಗೊಂದು ಕೂರುವ ಎರಡು ಉಕ್ಕಿನ ಪೆಟ್ಟಿಗೆ, ಅದರಲ್ಲಿ ಎರಡು ಬಗೆ ಇದೆ. ಕೆಲವು ಗಾಡಿಗಳಲ್ಲಿ ಒಳಗಿನ ಪೆಟ್ಟಿಗೆ ಜಾರಿ ಹೊರಗೆ ಬರುತ್ತದೆ. ಕೆಲವದರಲ್ಲಿ ಹೊರಗಿನ ಪೆಟ್ಟಿಗೆಯೇ ಜಾರುತ್ತದೆ. ಹೊರಗಿನದು ಜಾರುವುದಾದರೆ ಬಕೆಟ್ ಇರುವುದೂ ಅದರ ತುದಿಯಲ್ಲೇ, ಥಂಬ್ ಕೂರುವುದೂ ಅದರ ಮೇಲೇ. ಎರಡೂ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತವೆ, ಏನೂ ತೊಂದರೆ ಇಲ್ಲ.

ಒಳಗಿನದು ಜಾರುವುದಾದರೆ ಚೆನ್ನಾಗಿ ಯೋಚಿಸು. ಥಂಬನ್ನು ಹೊರಗಿನ ಪೆಟ್ಟಿಗೆಗೆ ವೆಲ್ಡ್ ಮಾಡಿಸಿದರೆ, ಆರ್ಮ್ ಚಾಚಿದ ಕೂಡಲೇ ಬಕೆಟ್ ದೂರ ಹೋಗಿ ಹಿಡಿತವೇ ಕೂಡುವುದಿಲ್ಲ. ಒಳಗಿನ ಪೆಟ್ಟಿಗೆಗೆ ವೆಲ್ಡ್ ಮಾಡಿಸಿದರೆ ಆರ್ಮ್ ವಾಪಸ್ ಬರುವಾಗ ಅಲ್ಲಿಗೇ ತಾಗಿ ನಿಲ್ಲುತ್ತದೆ. ಆಗ ಉಳಿಯುವುದು ಎರಡೇ ದಾರಿ. ಆರ್ಮ್‌ನ ಮೂತಿಯಲ್ಲಿ, ಜಾರುವ ಭಾಗ ಮುಗಿದ ಮೇಲಿನ ಗಟ್ಟಿ ತುಂಡಿನಲ್ಲೇ ಪೂರ್ತಿ ಕೂರುವಂಥ ಥಂಬ್ ಹುಡುಕಬೇಕು. ಇಲ್ಲವೇ ಥಂಬ್ ಬಳಸುವಾಗ ಆರ್ಮ್ ಚಾಚುವುದೇ ಇಲ್ಲ ಅಂತ ನಿರ್ಧರಿಸಿ ಲಾಕ್ ಪಿನ್ ಹಾಕಿಟ್ಟು ಕೆಲಸ ಮಾಡಬೇಕು. ಎರಡನೆಯದು ಕೇಳಲು ಸುಲಭ. ಬೇರೆ ಆಪರೇಟರ್ ಕೂತ ದಿನ ಏನಾಗುತ್ತದೆ ಅಂತಲೂ ಯೋಚಿಸು.

ಅಳತೆಯ ಮಾತು. ಬಕೆಟ್ ಪಿನ್‌ನ (ಬಕೆಟ್ ಆರ್ಮ್‌ಗೆ ಸೇರುವ ಪಿನ್) ನಡುವಿನಿಂದ ಹಲ್ಲಿನ ತುದಿಗೆ ಎಷ್ಟು ಉದ್ದ ಇದೆಯೋ, ಅದೇ ಪಿನ್‌ನಿಂದ ಥಂಬ್ ತುದಿಗೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಥಂಬ್ ಗಿಡ್ಡ ಆದರೆ ಸಣ್ಣ ವಸ್ತು ಹಲ್ಲಿನ ತುದಿಯಿಂದ ಜಾರುತ್ತದೆ. ಉದ್ದ ಆದರೆ ಹಲ್ಲನ್ನು ದಾಟಿ ಚಾಚಿಕೊಂಡು ನೆಲಕ್ಕೆ ತಾಗುತ್ತದೆ. ಥಂಬ್‌ನ ಬೆರಳುಗಳು ಬಕೆಟ್ ಹಲ್ಲುಗಳ ಸಂದಿಗೆ ಬರಬೇಕು, ಹಲ್ಲಿನ ಮೇಲೆ ಹಲ್ಲು ಕೂರಬಾರದು. ನಿನ್ನ ಹತ್ತಿರ ಅಗಲದ ಬಕೆಟ್ ಒಂದು, ಕಿರಿದಾದದ್ದು ಒಂದು ಇದೆಯಲ್ಲ, ಎರಡರಲ್ಲೂ ಈ ಅಳತೆ ಒಂದೇ ಇರುತ್ತದೆ ಅಂತ ನಂಬಬೇಡ. ಮುಂದೆ ಬಕೆಟ್ ಬೇಗ ಬದಲಿಸಲು ಕ್ವಿಕ್ ಕಪ್ಲರ್ ಹಾಕಿಸುವ ಆಸೆ ಇದ್ದರೆ ಅದನ್ನು ಮೊದಲು ಹಾಕಿಸು, ಆಮೇಲೆ ಥಂಬ್. ಕಪ್ಲರ್ ಬಂದರೆ ಬಕೆಟ್ ಕೆಳಗೆ ಸರಿಯುತ್ತದೆ, ಹಳೇ ಅಳತೆ ಕೆಲಸಕ್ಕೆ ಬರುವುದಿಲ್ಲ.

ವೆಲ್ಡಿಂಗ್ ವಿಷಯದಲ್ಲಿ ಮಾತ್ರ ದುಡ್ಡಿನ ಮುಖ ನೋಡಬೇಡ. ಅಗೆಯುವಾಗ ಆರ್ಮ್‌ನ ಒಳಬದಿಯ ಪ್ಲೇಟ್ ಪ್ರತಿ ಸಲವೂ ಎಳೆತಕ್ಕೆ ಸಿಗುತ್ತದೆ. ಥಂಬ್ ಕೂರುವುದೂ ಅದರ ಮೇಲೇ. ಆ ಪ್ಲೇಟ್‌ಗೆ ಅಡ್ಡಲಾಗಿ ಒಂದು ವೆಲ್ಡ್ ಗೆರೆ ಎಳೆದರೆ ಮುಂದೊಂದು ದಿನ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ವೆಲ್ಡ್ ಆರ್ಮ್‌ನ ಉದ್ದಕ್ಕೆ ಓಡಬೇಕು, ಪ್ಲೇಟ್‌ನ ತುದಿಗಳು ಚೌಕವಾಗಿ ಮುಗಿಯದೆ ಕಿರಿದಾಗುತ್ತಾ ಬರಬೇಕು. ಕೆಲಸ ಶುರುವಾಗುವ ಮೊದಲು ಬ್ಯಾಟರಿ ವೈರ್ ಬಿಚ್ಚಿಸು. ಕಂಪ್ಯೂಟರ್ ಇರುವ ಗಾಡಿಯಾದರೆ ಅದರ ಕನೆಕ್ಟರ್ ಸಹ. ಅರ್ಥ್ ಕ್ಲಾಂಪನ್ನು ಚಾಸಿಗೆ ಹಾಕಲು ಬಿಡಬೇಡ, ಬಣ್ಣ ಕೆರೆದು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸು. ಇಲ್ಲದಿದ್ದರೆ ಕರೆಂಟ್ ಪಿನ್, ಬುಶ್, ಸಿಲಿಂಡರ್ ಮೂಲಕ ಹಾದು ಅವನ್ನು ಸುಡುತ್ತದೆ. ಬಕೆಟ್ ಪಿನ್ನಿಗೇ ತೂಗುಹಾಕುವ ಥಂಬ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ವೆಲ್ಡ್ ಆಗಬೇಕಾದದ್ದು ಊರುಗೋಲಿನ ಬ್ರಾಕೆಟ್ ಒಂದೇ. ಪಿನ್ ಮಾತ್ರ ಉದ್ದದ್ದು ಬೇಕಾಗುತ್ತದೆ.

ಥಂಬ್ ಬಂದ ಮೇಲೆ ಕಳೆದುಕೊಳ್ಳುವುದೂ ಇದೆ. ಅಳತೆ ನೋಡಿಕೊಂಡು 100 ಕಿಲೋ ಆಚೀಚೆ ಭಾರ ಆರ್ಮ್ ತುದಿಗೆ ಸೇರುತ್ತದೆ. ಗಾಡಿ ಎತ್ತಬಲ್ಲ ತೂಕದಲ್ಲಿ ಅಷ್ಟು ಕಡಿಮೆ ಆಯಿತು ಅಂತಲೇ ಲೆಕ್ಕ. ಆಳದ ಕಾಲುವೆಯಲ್ಲಿ ಮಡಚಿಟ್ಟ ಥಂಬ್ ಅಂಚಿಗೆ ಉಜ್ಜುತ್ತದೆ. ಅಂಥ ದಿನ ಪಿನ್ ತೆಗೆದು ಥಂಬನ್ನೇ ಕಳಚಿಡಬಹುದಾ ಅಂತ ಕೊಳ್ಳುವಾಗಲೇ ಕೇಳು. ಬಕೆಟ್ ಪೂರ್ತಿ ಮಡಚಿದಾಗ ಮಡಚಿಟ್ಟ ಥಂಬ್‌ಗೆ ತಾಗುತ್ತದಾ ಅಂತ ವೆಲ್ಡ್ ಗಟ್ಟಿ ಮಾಡುವ ಮೊದಲು ನೀನೇ ಲಿವರ್ ಹಿಡಿದು ನೋಡು.

ಹಿಡಿಯಲು ಬಂತು ಅಂದ ಕೂಡಲೇ ದೊಡ್ಡ ಕಲ್ಲಿಗೆ ಕೈ ಹಾಕುವ ಆಸೆ ಬರುತ್ತದೆ. ಗ್ರಾನೈಟ್ ಒಂದು ಘನ ಮೀಟರಿಗೆ 2.7 ಟನ್ ಹತ್ತಿರ ತೂಗುತ್ತದೆ. ಅರ್ಧ ಮೀಟರ್ ಅಡ್ಡಳತೆಯ ಗುಂಡುಕಲ್ಲು 175 ಕಿಲೋ ಆದರೆ, ಒಂದು ಮೀಟರಿನದು 1.4 ಟನ್. ಅಳತೆ ಎರಡು ಪಟ್ಟು ಆದರೆ ತೂಕ ಎಂಟು ಪಟ್ಟು. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆರ್ಮ್ ಹತ್ತಿರ ಇದ್ದಾಗ ಸಲೀಸಾಗಿ ಎದ್ದ ಕಲ್ಲು, ಪೂರ್ತಿ ಚಾಚಿದಾಗ ಗಾಡಿಯ ಮುಂಭಾಗವನ್ನೇ ಎತ್ತಿಬಿಡಬಹುದು. ಮ್ಯಾನ್ಯುಅಲ್‌ನಲ್ಲಿ ಎಷ್ಟು ದೂರಕ್ಕೆ ಎಷ್ಟು ತೂಕ ಅಂತ ಚಾರ್ಟ್ ಇರುತ್ತದೆ, ಅದನ್ನು ಆಪರೇಟರ್‌ಗೂ ತೋರಿಸು.

ಮರದ ಬುಡದ ಬಗ್ಗೆ ಒಂದು ಮಾತು. ಥಂಬ್‌ನಲ್ಲಿ ಬುಡ ಹಿಡಿದು ಎಳೆಯುವುದು, ಹಿಡಿದುಕೊಂಡೇ ಬೂಮನ್ನು ಅಕ್ಕಪಕ್ಕ ಬೀಸಿ ಅಲುಗಾಡಿಸುವುದು ಬೇಡ. ಥಂಬ್ ಎದುರಿನಿಂದ ಬರುವ ಬಲಕ್ಕೆ ಮಾಡಿದ್ದು, ಪಕ್ಕದಿಂದ ತಿರುಚಿದರೆ ಪಿನ್ ತೂತು ಅಂಡಾಕಾರ ಆಗುತ್ತದೆ, ಆರ್ಮ್ ಮೂತಿ ಸಡಿಲ ಆಗುತ್ತದೆ. ಸುತ್ತ ಅಗೆದು, ಬೇರು ಕತ್ತರಿಸಿ, ಬುಡ ಕಳಚಿ ಬಂದ ಮೇಲೆ ಹಿಡಿ. ಹಿಡಿದು ಮೇಲೆತ್ತಿ ಒಮ್ಮೆ ಕುಲುಕಿದರೆ ಬೇರಿನ ಮಣ್ಣೆಲ್ಲ ಅಲ್ಲೇ ಗುಂಡಿಗೆ ಉದುರುತ್ತದೆ. ಥಂಬ್ ಇಲ್ಲದೆ ಇದನ್ನು ಮಾಡಿ ನೋಡು, ಬುಡ ಬಕೆಟ್‌ನಲ್ಲಿ ನಿಲ್ಲುವುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ಥಂಬ್ ಒಂದು ನೋಡಿದ್ದೇನೆ ಅಂದೆಯಲ್ಲ. ತಪ್ಪೇನಿಲ್ಲ. ಪಿನ್ ತೂತುಗಳು ಇನ್ನೂ ಗುಂಡಗಿವೆಯಾ, ಬೆರಳಿನ ಬುಡದಲ್ಲಿ ಹಳೇ ಬಿರುಕು ಮುಚ್ಚಿ ಬಣ್ಣ ಬಳಿದಿದ್ದಾರಾ ಅಂತ ನೋಡು. ಹಿಂದಿನಿಂದ ನಿಂತು ನೋಡಿದರೆ ಎರಡೂ ಬೆರಳು ಸಮ ಕಾಣಬೇಕು. ಒಂದು ಓರೆ ಇದ್ದರೆ ಯಾರೋ ಅದನ್ನು ಪಕ್ಕಕ್ಕೆ ಬೀಸಿದ್ದಾರೆ ಅಂತಲೇ ತಿಳಿ. ಅದನ್ನು ಬಿಟ್ಟುಬಿಡು. ಹಾಗೇ, ಈ ಜಮೀನು ಚೊಕ್ಕ ಮಾಡಿದ ಮೇಲೆ ಇಂಥ ಕೆಲಸವೇ ಇರುವುದಿಲ್ಲ ಅನ್ನುವುದಾದರೆ, ಥಂಬ್ ಇರುವ ಎಕ್ಸ್‌ಕವೇಟರನ್ನು ಬಾಡಿಗೆಗೆ ತಂದು ಮುಗಿಸುವುದೇ ಲಾಭ. ವರ್ಷವಿಡೀ ಬೇರೆಯವರ ಕೆಲಸಕ್ಕೂ ಹೋಗುತ್ತೇನೆ ಅಂದಿದ್ದೀಯಾ, ಅದಕ್ಕೇ ಕೊಳ್ಳು ಅನ್ನುತ್ತಿದ್ದೇನೆ.

ನಾಳೆ ಗಾಡಿ ಹತ್ತಿರ ಹೋದಾಗ ಆರ್ಮ್ ಪೂರ್ತಿ ಚಾಚಿ ಪಕ್ಕದಿಂದ ಒಂದು ಫೋಟೋ ತೆಗಿ, ವಾಪಸ್ ಎಳೆದು ಇನ್ನೊಂದು. ಬಕೆಟ್ ಪಿನ್‌ನಿಂದ ಹಲ್ಲಿನ ತುದಿಗೆ ಎರಡೂ ಬಕೆಟ್‌ಗಳ ಅಳತೆ, ಪಿನ್‌ನ ದಪ್ಪ, ಆರ್ಮ್‌ನ ಅಗಲ ಬರೆದು ಕಳಿಸು. ಅದು ಬರುವವರೆಗೆ ಆ ಸೆಕೆಂಡ್ ಹ್ಯಾಂಡ್ ಥಂಬ್‌ಗೆ ಅಡ್ವಾನ್ಸ್ ಕೊಡಬೇಡ.

ನಿನ್ನ
ಗೆಳೆಯ