ಸೈತಾನನಿಗೆ ಎಷ್ಟು ಜಾಗ ಕೊಡಬೇಕು: ಯುವ ಕಥೆಗಾರ್ತಿಗೆ ಒಂದು ಪತ್ರ

ಧಾರವಾಡ

ಪ್ರಿಯ ತಂಗಿ,

ಬೆಟಗೇರಿಯಿಂದ ನೀನು ಕಳಿಸಿದ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದ್ದೇನೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಹೊತ್ತು ಅಂಗಡಿಯಿಂದ ಅಂಗಡಿಗೆ ತಿರುಗಿ ಪಿಗ್ಮಿ ಹಣ ಸಂಗ್ರಹಿಸುವ ನಿನ್ನ ಕಥಾನಾಯಕ, ಸೆರಗಿನ ಗಂಟು ಬಿಚ್ಚಿ ಒದ್ದೆ ನೋಟುಗಳನ್ನು ಎಣಿಸಿ ಕೊಡುವ ಆ ಹೂ ಮಾರುವ ಹೆಣ್ಣುಮಗಳು, ಇಬ್ಬರೂ ಕಣ್ಣಿಗೆ ಕಟ್ಟುವಂತೆ ಬಂದಿದ್ದಾರೆ. ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹೇಳಬೇಕಾದದ್ದು ಮೂರನೆಯ ಅಧ್ಯಾಯದಲ್ಲಿ ಕರಿ ಕೋಟು ತೊಟ್ಟು ಬಂದು, ಕೊನೆಯವರೆಗೂ ಕಥೆಯನ್ನು ಬಿಟ್ಟು ಹೋಗದ ಆ ಅಪರಿಚಿತನ ಬಗ್ಗೆ. ಅವನೇ ಸೈತಾನನೆಂದು ನೀನು ಬಾಯಿಬಿಟ್ಟು ಹೇಳಿಲ್ಲ, ಆದರೆ ಓದುವವರಿಗೆ ಅದು ಎರಡನೆಯ ಸಾಲಿಗೇ ತಿಳಿಯುತ್ತದೆ.

ಸೈತಾನನನ್ನು ಕಥೆಯೊಳಗೆ ತಂದದ್ದಕ್ಕೆ ನನ್ನ ತಕರಾರಿಲ್ಲ. 1837ರಲ್ಲಿ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದಂದಿನಿಂದ ನಮ್ಮ ಸೀಮೆಯ ಕ್ರೈಸ್ತ ಮನೆಗಳಲ್ಲಿ ಈ ಮಾತು ಕನ್ನಡದಲ್ಲೇ ನಡೆದುಬಂದಿದೆ. ಮುಸಲ್ಮಾನರ ಮನೆಗಳಲ್ಲಿ ಅದಕ್ಕಿಂತ ಬಹಳ ಹಿಂದಿನಿಂದಲೂ ಇದೆ. ನನ್ನ ತಕರಾರು ಬೇರೆ. ನಿನ್ನ ಅಪರಿಚಿತ ಕಥಾನಾಯಕನ ಕಣ್ಣಿಗೆ ಮಂಕು ಕವಿಸುತ್ತಾನೆ, ಅವನ ಕೈ ಹಿಡಿದು ಚೀಲದೊಳಕ್ಕೆ ಇಳಿಸುತ್ತಾನೆ, ಹಣವನ್ನು ತೆಗೆಸುತ್ತಾನೆ. ಹೀಗಾದಾಗ ಕಳವು ನಡೆದಿದೆ, ಕಳ್ಳ ಮಾತ್ರ ಯಾರೂ ಇಲ್ಲ. ಮುಂದಿನ ನೂರು ಪುಟಗಳಲ್ಲಿ ಅವನು ಪಡುವ ಪಶ್ಚಾತ್ತಾಪಕ್ಕೆ ಬುಡವೇ ಇಲ್ಲದಂತಾಗಿದೆ. ತಾನು ಮಾಡದ ಕೆಲಸಕ್ಕಾಗಿ ಅಳುವವನನ್ನು ಕಂಡು ನಮಗೆ ಕನಿಕರ ಹುಟ್ಟೀತು, ಅವನ ಜೊತೆಗೆ ನಮ್ಮ ಎದೆ ನಡುಗುವುದಿಲ್ಲ.

ನೀನು ಚಿಕ್ಕಂದಿನಿಂದ ಕೇಳಿದ, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೂರನೆಯ ಅಧ್ಯಾಯವನ್ನೇ ಈಗ ಕಥೆಗಾರ್ತಿಯ ಕಣ್ಣಿನಿಂದ ಓದಿ ನೋಡು. ಅಲ್ಲಿ ಬರುವುದು ಸರ್ಪ. ಅದು ಸೈತಾನನೆಂದು ಆ ಅಧ್ಯಾಯ ಎಲ್ಲಿಯೂ ಹೇಳುವುದಿಲ್ಲ, ಆ ಗುರುತು ಬಹಳ ತಡವಾಗಿ, ಪ್ರಕಟನೆಯ ಗ್ರಂಥದಲ್ಲಿ ಬರುತ್ತದೆ. ಸರ್ಪ ಮಾತಾಡುವುದು ಎರಡೇ ಸಲ. ಮೊದಲನೆಯದು ಒಂದು ಪ್ರಶ್ನೆ, ಅದೂ ದೇವರ ಅಪ್ಪಣೆಯನ್ನು ಸ್ವಲ್ಪ ತಿರುಚಿದ ಪ್ರಶ್ನೆ: ತೋಟದ ಯಾವ ಮರದ ಹಣ್ಣನ್ನೂ ತಿನ್ನಬಾರದೆಂದು ದೇವರು ಹೇಳಿದ್ದುಂಟೇ ಎಂದು. ಎರಡನೆಯದು ಒಂದು ಭರವಸೆ: ನೀವು ಸಾಯುವುದಿಲ್ಲ, ನಿಮ್ಮ ಕಣ್ಣು ತೆರೆಯುತ್ತವೆ. ಅಷ್ಟಕ್ಕೆ ಸರ್ಪ ಬಾಯಿ ಮುಚ್ಚುತ್ತದೆ. ಆಮೇಲೆ ಹವ್ವ ಮರವನ್ನು ನೋಡುತ್ತಾಳೆ, ಆಹಾರಕ್ಕೆ ಒಳ್ಳೆಯದು, ಕಣ್ಣಿಗೆ ಚೆಂದ, ಜ್ಞಾನ ಕೊಡುವಂಥದ್ದು ಎಂದು ತಾನೇ ತೂಗುತ್ತಾಳೆ, ತಾನೇ ಕೈ ಚಾಚುತ್ತಾಳೆ. ಸರ್ಪದ ಕೊನೆಯ ಮಾತಿಗೂ ಆ ಕೈಗೂ ನಡುವೆ ಇರುವುದು ಒಂದೇ ವಾಕ್ಯ, ಮತ್ತು ಆ ವಾಕ್ಯದಲ್ಲಿ ಸರ್ಪ ಇಲ್ಲ. ನಿನ್ನ ಮೂರನೆಯ ಅಧ್ಯಾಯದಲ್ಲಿ ಇಲ್ಲದಿರುವುದು ಆ ಒಂದು ವಾಕ್ಯ.

ಅದರ ಮುಂದಿನ ವಿಚಾರಣೆಯನ್ನೂ ಗಮನಿಸು. ಆದಾಮನು ನೀನು ಕೊಟ್ಟ ಸ್ತ್ರೀಯೇ ಕೊಟ್ಟಳೆಂದು ಅವಳ ಮೇಲೆ ಹಾಕುತ್ತಾನೆ, ಜೊತೆಗೆ ದೇವರ ಮೇಲೂ ಅರ್ಧ ಭಾರ ಹೊರಿಸುತ್ತಾನೆ. ಅವಳು ಸರ್ಪದ ಮೇಲೆ ಹಾಕುತ್ತಾಳೆ. ಇಬ್ಬರನ್ನೂ ಪ್ರಶ್ನೆ ಕೇಳಿದ ದೇವರು ಸರ್ಪವನ್ನು ಮಾತ್ರ ಏನೂ ಕೇಳುವುದಿಲ್ಲ, ನೇರವಾಗಿ ಶಪಿಸುತ್ತಾನೆ. ಪ್ರಶ್ನೆ ಕೇಳುವುದೆಂದರೆ ಉತ್ತರ ಕೊಡುವ ಶಕ್ತಿ ಇದೆಯೆಂದು ಒಪ್ಪಿದ ಹಾಗೆ. ಆ ಗೌರವವನ್ನು ಆ ಕಥೆ ಮನುಷ್ಯರಿಗೆ ಕೊಟ್ಟಿದೆ, ನೀನು ನಿನ್ನ ಕಥಾನಾಯಕನಿಂದ ಅದನ್ನು ಕಿತ್ತುಕೊಂಡಿದ್ದೀಯ.

ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಇದೇ ಮಾತು ಇನ್ನೂ ನಿಚ್ಚಳವಾಗಿದೆ. ನಲವತ್ತು ದಿನ ಉಪವಾಸವಿದ್ದು ಹಸಿದ ಯೇಸುವಿಗೆ ಸೈತಾನನು ಮೊದಲು ತೋರಿಸುವುದು ರೊಟ್ಟಿಯನ್ನು. ಎಂದರೆ ಅವನು ಹೊಸ ಆಸೆಯನ್ನು ಹುಟ್ಟಿಸುವುದಿಲ್ಲ, ಇದ್ದ ಹಸಿವಿನ ಪಕ್ಕದಲ್ಲಿ ಬಂದು ನಿಲ್ಲುತ್ತಾನೆ. ಅನಂತರ ದೇವಾಲಯದ ಶಿಖರಕ್ಕೆ ಕರೆದೊಯ್ದು, ಕೆಳಕ್ಕೆ ಧುಮುಕು, ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು 91ನೆಯ ಕೀರ್ತನೆಯನ್ನೇ ಉದ್ಧರಿಸುತ್ತಾನೆ. ಅಷ್ಟು ಎತ್ತರದವರೆಗೆ ಕರೆದೊಯ್ದವನು ಅಂಚಿನಲ್ಲಿ ನಿಂತವನ ಬೆನ್ನಿಗೆ ಕೈ ಹಚ್ಚಿ ತಳ್ಳುವುದಿಲ್ಲ. ಸೈತಾನನು ಒಲಿಸಬಲ್ಲ, ಕೆಡವಲಾರ ಎಂದು ಈ ಸಾಲಿಗೆ ಸಂತ ಜೆರೋಮ್ ಬರೆದ ವ್ಯಾಖ್ಯಾನಕ್ಕಿಂತ ದೊಡ್ಡ ಕಥನಪಾಠವನ್ನು ನಾನು ಎಲ್ಲೂ ಓದಿಲ್ಲ. ನಿನ್ನ ಕರಿ ಕೋಟಿನವನು ಮಾತಾಡಲಿ, ಶಾಸ್ತ್ರವಾಕ್ಯ ಹೇಳಲಿ, ಕರುಣೆಯ ದನಿಯಲ್ಲೇ ಹೇಳಲಿ. ತಳ್ಳುವ ಅಧಿಕಾರವನ್ನು ಮಾತ್ರ ಅವನಿಗೆ ಕೊಡಬೇಡ.

ಅವನನ್ನು ಕೊನೆಯ ಪುಟದವರೆಗೆ ಎಳೆದುಕೊಂಡು ಹೋಗಬೇಕಾದ ಅಗತ್ಯವೂ ಇಲ್ಲ. ಯೋಬನ ಗ್ರಂಥದಲ್ಲಿ 42 ಅಧ್ಯಾಯಗಳಿವೆ; ಸೈತಾನನು ಕಾಣಿಸಿಕೊಳ್ಳುವುದು ಮೊದಲ ಎರಡರಲ್ಲಿ ಮಾತ್ರ. ಅಲ್ಲಿಯೂ ಅವನು ದೇವರ ಅನುಮತಿ ಕೇಳಿಯೇ ಹೊರಡುತ್ತಾನೆ, ಪ್ರತಿ ಸಲವೂ ಒಂದು ಗಡಿ ಹಾಕಿಸಿಕೊಂಡು ಹೊರಡುತ್ತಾನೆ. ಯೋಬನ ಆಸ್ತಿ, ಮಕ್ಕಳು, ಮೈಯ ಆರೋಗ್ಯ ಎಲ್ಲವೂ ಹೋಗುತ್ತವೆ. ಅವನ ಬಾಯಿಂದ ಯಾವ ಮಾತು ಬರಬೇಕೆಂಬುದು ಮಾತ್ರ ಸೈತಾನನ ಕೈಯಲ್ಲಿಲ್ಲ. ಯೋಬನು ದೇವರನ್ನು ಶಪಿಸಿಯೇ ತೀರುತ್ತಾನೆಂದು ಸೈತಾನನು ಹೂಡಿದ ಪಣವೇ ಆ ಮಾತಿನ ಮೇಲೆ ನಿಂತಿದೆ.

ನೀನು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಉದಾಹರಣೆಯನ್ನು ಎತ್ತುತ್ತೀಯೆಂದು ನನಗೆ ಗೊತ್ತು. ಲೂಕನೂ ಯೋಹಾನನೂ ಸೈತಾನನು ಅವನೊಳಗೆ ಹೊಕ್ಕನೆಂದೇ ಬರೆದಿದ್ದಾರೆ, ಅದನ್ನು ನಾವು ತೇಲಿಸಿಬಿಡಬಾರದು. ಆದರೆ ಅದೇ ಯೋಹಾನನು ಒಂದು ಅಧ್ಯಾಯ ಮೊದಲೇ, ಹಣದ ಚೀಲ ಯೂದನ ಹತ್ತಿರವಿತ್ತು, ಅದರಲ್ಲಿ ಹಾಕಿದ್ದನ್ನು ಅವನು ಕದಿಯುತ್ತಿದ್ದನು ಎಂದು ಹೇಳಿಟ್ಟಿದ್ದಾನೆ. ಹೊಕ್ಕವನಿಗೆ ಬಾಗಿಲು ತೆರೆದಿತ್ತು, ತೆರೆದವನು ಮನೆಯ ಯಜಮಾನನೇ. ಮತ್ತಾಯನಂತೂ ಈ ದ್ರೋಹದ ಪ್ರಸಂಗದಲ್ಲಿ ಸೈತಾನನ ಹೆಸರನ್ನೇ ಎತ್ತುವುದಿಲ್ಲ. ಯೂದನು ತಾನಾಗಿ ಯಾಜಕರ ಬಳಿಗೆ ಹೋಗಿ ಏನು ಕೊಡುತ್ತೀರಿ ಎಂದು ಕೇಳುತ್ತಾನೆ, ಅವರು ಮೂವತ್ತು ಬೆಳ್ಳಿಯ ನಾಣ್ಯ ತೂಗಿ ಕೊಡುತ್ತಾರೆ. ಎಲ್ಲ ಮುಗಿದ ಮೇಲೆ ಆ ನಾಣ್ಯಗಳನ್ನು ತಿರುಗಿ ತಂದ ಯೂದನು ಹೇಳುವ ಮಾತು, ನಿರಪರಾಧಿಯ ರಕ್ತಕ್ಕೆ ದ್ರೋಹ ಮಾಡಿ ಪಾಪ ಮಾಡಿದೆನು ಎಂಬುದು. ಸೈತಾನನು ಮಾಡಿಸಿದ ಎಂದು ಹೇಳಲು ಜಗತ್ತಿನಲ್ಲಿ ಯಾರಿಗಾದರೂ ಹಕ್ಕಿದ್ದರೆ ಅವನಿಗಿತ್ತು, ಅವನು ಹೇಳಲಿಲ್ಲ. ಆ ಪ್ರಸಂಗವನ್ನು ಓದಿದಾಗಲೆಲ್ಲ ಅವನ ಮೇಲೆ ನನಗೆ ಗೌರವವೂ ದುಃಖವೂ ಒಟ್ಟಿಗೆ ಬರುತ್ತವೆ.

ನಿನ್ನ ಕಥೆಯಲ್ಲಿ ಬಳೆ ಅಂಗಡಿಯ ಚಾಚಾ ಒಬ್ಬರಿದ್ದಾರೆ. ಶೈತಾನನ ಮಾತು ಬಂದಾಗ ಅವರ ಬಾಯಲ್ಲಿ ನೀನು ಹೆದರಿಕೆಯ ಒಂದು ಸಾಲನ್ನು ಇಟ್ಟು ಮುಗಿಸಿದ್ದೀಯ. ಅವರು ಇನ್ನೂ ಆಳವಾದದ್ದನ್ನು ಹೇಳಬಲ್ಲವರು. ಕುರ್‌ಆನಿನ 14ನೆಯ ಅಧ್ಯಾಯವಾದ ಇಬ್ರಾಹೀಮ್‌ನ 22ನೆಯ ವಚನದಲ್ಲಿ, ತೀರ್ಪು ಮುಗಿದ ಮೇಲೆ ಶೈತಾನನೇ ತನ್ನನ್ನು ಹಿಂಬಾಲಿಸಿದವರಿಗೆ ಹೇಳುವ ಮಾತಿದೆ: ನಿಮ್ಮ ಮೇಲೆ ನನಗೆ ಅಧಿಕಾರವೇನೂ ಇರಲಿಲ್ಲ, ನಾನು ಕರೆದೆ, ನೀವು ಓಗೊಟ್ಟಿರಿ, ಈಗ ನನ್ನನ್ನು ದೂರಬೇಡಿ, ನಿಮ್ಮನ್ನೇ ದೂರಿಕೊಳ್ಳಿ ಎಂಬ ಅರ್ಥದ ಮಾತು. ಪ್ರಲೋಭನೆಯ ಬಗ್ಗೆ ಇಷ್ಟು ಕಠೋರವಾದ ಸತ್ಯವನ್ನು ಪ್ರಲೋಭಿಸಿದವನ ಬಾಯಿಂದಲೇ ಹೇಳಿಸಿದ್ದು ಎಂಥ ಕಲ್ಪನೆ! ಚಾಚಾ ಅದನ್ನು ಬಳೆ ಜೋಡಿಸುತ್ತಲೇ ಸಹಜವಾಗಿ ಹೇಳಲಿ, ಉಪದೇಶದ ದನಿ ಬೇಡ.

ನಮ್ಮ ಕಡೆಯ ಓದುಗರಿಗೆ ಸೈತಾನನೆಂದ ಕೂಡಲೇ ಕಲಿಪುರುಷ ನೆನಪಾಗುತ್ತಾನೆ, ನೀನೂ ಎರಡು ಕಡೆ ಇಬ್ಬರನ್ನೂ ಬೆರೆಸಿದ್ದೀಯ. ಬೆರೆಸಬೇಡ, ಇಬ್ಬರ ಕೆಲಸವೂ ಬೇರೆ. ಹಾವೇರಿ ಸೀಮೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ನಳಚರಿತ್ರೆಯಾಗಿ ಹಾಡಿದ ಕಥೆಯ ಮೂಲ ಮಹಾಭಾರತದ ವನಪರ್ವದಲ್ಲಿದೆ. ಅಲ್ಲಿ ಕಲಿಯು ನಳನಲ್ಲಿ ಲೋಪ ಹುಡುಕುತ್ತ ಹನ್ನೆರಡು ವರ್ಷ ಕಾಯುತ್ತಾನೆ, ಒಂದು ದಿನ ಕಾಲು ತೊಳೆಯದೆ ಸಂಧ್ಯೆಗೆ ಕುಳಿತ ಚಿಕ್ಕ ತಪ್ಪಿನ ಎಡೆಯಿಂದ ಒಳಗೆ ಹೊಗುತ್ತಾನೆ, ಆಮೇಲೆ ನಳ ರಾಜ್ಯವನ್ನೇ ಪಗಡೆಗೆ ಒಡ್ಡಿ ಸೋಲುತ್ತಾನೆ. ಕಲಿ ಮೈಹೊಗುವವನು, ಸೈತಾನನು ಹೆಚ್ಚಾಗಿ ಮುಂದೆ ನಿಂತು ಕರೆಯುವವನು. ಹಾಗಿದ್ದೂ ಆ ಕವಿ ನಳನನ್ನು ಬರಿಯ ಬೊಂಬೆ ಮಾಡಲಿಲ್ಲ. ಕಾಡಿನಲ್ಲಿ ಮಲಗಿದ ದಮಯಂತಿಯನ್ನು ಬಿಟ್ಟು ಹೋಗುವಾಗ ಅವನು ಹೋಗುತ್ತಾನೆ, ತಿರುಗಿ ಬರುತ್ತಾನೆ, ಮತ್ತೆ ಹೋಗುತ್ತಾನೆ; ಕಲಿ ಅತ್ತ ಎಳೆದರೆ ಪ್ರೀತಿ ಇತ್ತ ಎಳೆಯುತ್ತದೆ. ಆ ಹೋಗಿ ಬರುವ ಹೆಜ್ಜೆಗಳಲ್ಲಿ ಮನುಷ್ಯನ ಇಚ್ಛೆ ಉಸಿರಾಡುತ್ತಿದೆ.

ಇಷ್ಟೆಲ್ಲ ಓದಿ, ಹಾಗಾದರೆ ಮನುಷ್ಯನ ಇಚ್ಛೆ ಪೂರ್ತಿ ಸ್ವತಂತ್ರ, ಬಿದ್ದವನು ಬೇಕೆಂದೇ ಬಿದ್ದ ಎಂದು ಬರೆಯಲು ಹೊರಟೆಯಾದರೆ ಅದು ಇನ್ನೊಂದು ಅನ್ಯಾಯ. ಬಯಸಿದ ಒಳ್ಳೆಯದನ್ನು ಮಾಡಲಾರೆ, ಬಯಸದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ರೋಮಾಪುರದವರಿಗೆ ಬರೆದ ಪೌಲನು ನೆಪ ಹೇಳುತ್ತಿರಲಿಲ್ಲ. ಮೊದಲು, ಕೆಡುಕು ಬೇರೆಯೇ ಒಂದು ಶಕ್ತಿಯೆಂದು ನಂಬಿದ ಮಾನಿಯ ಪಂಥದವರ ವಿರುದ್ಧ ಕೆಡುಕಿನ ಬೇರು ಮನುಷ್ಯನ ಇಚ್ಛೆಯಲ್ಲಿದೆಯೆಂದು ವಾದಿಸಿದ ಸಂತ ಅಗಸ್ಟೀನನೇ, ಮುಂದೆ, ಮನುಷ್ಯ ತನ್ನ ಇಚ್ಛೆಯಿಂದಲೇ ಒಳ್ಳೆಯವನಾಗಬಲ್ಲನೆಂದ ಪೆಲೇಜಿಯಸ್‌ನ ವಿರುದ್ಧ ಆ ಇಚ್ಛೆ ದೇವರ ಕೃಪೆಯಿಲ್ಲದೆ ತಾನಾಗಿ ಏಳಲಾರದೆಂದು ವಾದಿಸಿದ. ಎರಡೂ ಮಾತು ನಿನ್ನ ಕಥಾನಾಯಕನಿಗೆ ಬೇಕು. ಅವನ ಗಳಿಕೆ ಕಮಿಷನ್ನಿನದು, ಮಗಳ ಶಾಲೆಯ ಫೀ ಬಾಕಿಯಿದೆ, ಅಣ್ಣನ ಸಾಲಕ್ಕೆ ಜಾಮೀನು ನಿಂತಿದ್ದಾನೆ. ಇವು ಸೈತಾನನ ಕೆಲಸವೆಂದು ಬರೆಯಬೇಡ. ಇವು ಮನುಷ್ಯರು ಮನುಷ್ಯರಿಗೆ ಮಾಡಿದ ವ್ಯವಸ್ಥೆ. ಇವುಗಳಿಂದ ಅವನ ಸ್ವಾತಂತ್ರ್ಯ ಇಲ್ಲವಾಗುವುದಿಲ್ಲ, ಬಹಳ ಇಕ್ಕಟ್ಟಾಗುತ್ತದೆ. ಮುಂದೆ ತಮ್ಮನನ್ನೇ ಕೊಲ್ಲುವ ಕಾಯಿನನಿಗೆ ಆದಿಕಾಂಡದಲ್ಲಿ ದೇವರು ಕೊಡುವ ಎಚ್ಚರಿಕೆಯಲ್ಲಿ ಪಾಪವು ಬಾಗಿಲಲ್ಲಿ ಹೊಂಚಿಕೊಂಡಿದೆ, ನೀನು ಅದನ್ನು ಆಳಬೇಕು ಎನ್ನುವ ಮಾತಿದೆ. ಆ ಕಥೆಯಲ್ಲಿ ಸರ್ಪವೂ ಇಲ್ಲ, ಸೈತಾನನೂ ಇಲ್ಲ. ಯಾಕೋಬನ ಪತ್ರವು ಪ್ರತಿಯೊಬ್ಬನೂ ತನ್ನದೇ ಆಶೆಯಿಂದ ಸೆಳೆಯಲ್ಪಡುತ್ತಾನೆ ಎನ್ನುವಾಗಲೂ, ನಮ್ಮ ಅಲ್ಲಮ ಹೊನ್ನು, ಹೆಣ್ಣು, ಮಣ್ಣುಗಳನ್ನೆಲ್ಲ ಬಿಡಿಸಿ ಮನದ ಮುಂದಣ ಆಸೆಯೇ ಮಾಯೆ ಎನ್ನುವಾಗಲೂ ಬೆರಳು ತೋರುವುದು ಅದೇ ಬಾಗಿಲಿನ ಕಡೆಗೆ.

ಈಗ ಆ ದೃಶ್ಯಕ್ಕೆ ಬರೋಣ. ಸಂಜೆ ಏಳೂವರೆ. ಹೂ ಮಾರುವಾಕೆ ಎರಡು ನೂರು ರೂಪಾಯಿ ಕೊಟ್ಟಿದ್ದಾಳೆ. ಅವಳ ಹತ್ತಿರ ಗಿರಾಕಿ ಬಂದಿದೆ, ಅವಳು ಇತ್ತ ನೋಡುತ್ತಿಲ್ಲ. ರಶೀದಿಯ ಮಷೀನು ಅವನ ಕೈಯಲ್ಲಿದೆ, ಖಾತೆಯ ನಂಬರು ಒತ್ತಿಯಾಗಿದೆ, ಮೊತ್ತ ಒತ್ತುವುದು ಬಾಕಿ. ನಿನ್ನ ಕರಿ ಕೋಟಿನವನು ಬೇಕಾದರೆ ಪಕ್ಕದ ಮಿರ್ಚಿ ಅಂಗಡಿಯ ಹತ್ತಿರ ನಿಂತು, "ನಾಳಿ ತುಂಬಿದ್ರ ನಡೀತೈತಿ, ಯಾರ ರೊಕ್ಕ ಎಲ್ಲಿ ಹೋಗ್ತೈತಿ?" ಎಂದು ಒಂದೇ ಮಾತು ಹೇಳಲಿ. ಆ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಕೆಲಸ ಮಾಡುತ್ತದೆ. ಆಮೇಲೆ ಅವನನ್ನು ಅಲ್ಲಿಂದ ಕಳಿಸಿಬಿಡು. ಇವನ ಹೆಬ್ಬೆರಳು ಮಷೀನಿನ ಮೇಲೆ ನಿಂತಿರಲಿ. ಇವನು ಹೂ ಮಾರುವಾಕೆಯ ಕಡೆಗೆ ನೋಡಲಿ, ಅವಳು ನೋಡುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಲಿ, ಏಕೆಂದರೆ ಖಚಿತ ಮಾಡಿಕೊಳ್ಳುವುದೇ ಒಪ್ಪಿಗೆಯ ಮೊದಲ ಹೆಜ್ಜೆ. ಮಷೀನನ್ನು ಬಂದ್ ಮಾಡಿ ಅಂಗಿಯ ಕಿಸೆಯ ಚಿಕ್ಕ ವಹಿಯಲ್ಲಿ ಎರಡು ನೂರು ಎಂದು ಪೆನ್ಸಿಲ್ಲಿನಿಂದ ಗೀಚಿಕೊಳ್ಳಲಿ. ತಾನು ಕಳ್ಳನಲ್ಲವೆಂದು ತನಗೆ ತಾನೇ ಬರೆದುಕೊಂಡ ಪುರಾವೆ ಅದು. ಇಷ್ಟಕ್ಕೆ ಎರಡು ಪುಟ ಬೇಕಾದರೂ ಕೊಡು, ನಿಧಾನವಾಗಿ ಬರೆ. ಇಡೀ ಕಾದಂಬರಿಯಲ್ಲಿ ಇಷ್ಟು ನಿಧಾನ ಬೇಕಾದ ಜಾಗ ಮತ್ತೊಂದಿಲ್ಲ.

ಕೊನೆಯ ಅಧ್ಯಾಯದಲ್ಲಿ ಅವನು ಅವಳ ಎದುರು ನಿಂತು, "ನನ್ನ ತಲ್ಯಾಗ ಸೈತಾನ ಹೊಕ್ಕಿದ್ದ ಅಕ್ಕಾ" ಎಂದು ಅಳುತ್ತಾನೆ, ಅವಳು ಕ್ಷಮಿಸುತ್ತಾಳೆ. ಮೂರನೆಯ ಅಧ್ಯಾಯ ಬದಲಾದರೆ ಈ ಸಾಲು ಉಳಿಯುವುದಿಲ್ಲ. ಅವನು "ನಾನ ತಗೊಂಡೇನಿ" ಎಂದು ಹೇಳಬೇಕಾಗುತ್ತದೆ, ಹೇಳಿದ ಮೇಲೆ ಅವಳು ಕ್ಷಮಿಸುತ್ತಾಳೋ ಇಲ್ಲವೋ ಎಂಬುದು ಅವಳ ಸ್ವಾತಂತ್ರ್ಯಕ್ಕೆ ಸೇರಿದ್ದು. ಅದನ್ನು ನೀನೂ ಮೊದಲೇ ನಿರ್ಧರಿಸಿಡಬೇಡ. ಈ ಎರಡು ಅಧ್ಯಾಯಗಳನ್ನು ತಿದ್ದಿ ಕಳಿಸು, ನಡುವಿನವುಗಳ ಬಗ್ಗೆ ಅವುಗಳನ್ನು ಓದಿದ ಮೇಲೆ ಬರೆಯುತ್ತೇನೆ.

ನಿನ್ನ ಹಿತೈಷಿ