ಮೂಗಿನ ನಲ್ಲಿ, ಕಿತ್ತ ಉಂಗುಷ್ಟ

ಈ ಸಂಚಿಕೆ ತಡವಾಗಿದೆ, ಕ್ಷಮಿಸಿ. ನಿಮ್ಮ ಸಂಪಾದಕ ರೋಮಿನಲ್ಲಿದ್ದ. ಅದೂ ಜುಲೈ ಕೊನೆಯಲ್ಲಿ, ತುಮಕೂರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು. ಮಕ್ಕಳಿಗೆ ರಜೆ ಸಿಗುವುದು ಆಗಲೇ ಎನ್ನುವುದನ್ನು ಬಿಟ್ಟರೆ ಈ ಬುದ್ಧಿವಂತಿಕೆಗೆ ಬೇರೆ ಸಮಜಾಯಿಷಿ ಇಲ್ಲ.

ಬೆಳಿಗ್ಗೆ ಹತ್ತಕ್ಕೇ 34 ಡಿಗ್ರಿ. ಪ್ಯಾಂಥಿಯನ್ ಎನ್ನುವ ಪುರಾತನ ಗುಡಿಯ ಒಳಗೆ ಕಾಲಿಟ್ಟಾಗ ಹಾಯೆನಿಸಿತು. ಸುಮಾರು 1,900 ವರ್ಷ ಹಳೆಯ ಕಾಂಕ್ರೀಟ್ ಗುಮ್ಮಟ, ಒಳಗೆ ಒಂದು ಕಬ್ಬಿಣದ ಸರಳೂ ಇಲ್ಲ, 43 ಮೀಟರ್ ಅಗಲ, ಅಷ್ಟೇ ಎತ್ತರ. ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ದೊಡ್ಡ ಕಿಂಡಿ. ನಾನು ಇದನ್ನೆಲ್ಲ ಒಪ್ಪಿಸುತ್ತಿದ್ದರೆ ಅಮ್ಮ ನೆಲ ನೋಡುತ್ತಿದ್ದರು. ಮಳೆನೀರು ಹೋಗಲು ಕಲ್ಲಿನಲ್ಲಿ ಕೊರೆದ ತೂತುಗಳನ್ನು ಹುಡುಕಿ, “ನಮ್ಮಜ್ಜಿ ಮನೆ ತೊಟ್ಟಿ ಹಾಗೇ ಇದೆಯಲ್ಲೋ” ಅಂದರು. ಆಮೇಲೆ ನನ್ನ ವಿವರಣೆಗೆ ಗಿರಾಕಿ ಇರಲಿಲ್ಲ.

ಹೊರಬಂದು ಹತ್ತು ಹೆಜ್ಜೆ ಹಾಕಿರಲಿಲ್ಲ, ಅಮ್ಮನ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ರೋಮಿನ ಬೀದಿಗೆ ಹಾಸಿರುವುದು ಕರಿಕಲ್ಲಿನ ತುಂಡುಗಳು. ಆ ಹೊತ್ತಿಗೆ ದೋಸೆ ಹೊಯ್ಯಬಹುದಿತ್ತು. ವಿಚಾರಿಸಿ ಹುಡುಕಿದ ಚಪ್ಪಲಿ ರಿಪೇರಿ ಅಂಗಡಿಯ ಬಾಗಿಲಿಗೆ, ನಾಲ್ಕರವರೆಗೆ ಮುಚ್ಚಿದೆ ಎನ್ನುವ ಚೀಟಿ. ಮಧ್ಯಾಹ್ನ ಬಾಗಿಲು ಹಾಕಿ ಊಟಕ್ಕೆ ಹೋಗುವ ಅಂಗಡಿಗಳು ಅಲ್ಲಿ ಇನ್ನೂ ಇವೆ. ಅಮ್ಮ ಬೈಯಲಿಲ್ಲ, “ಸರಿಯಾಗಿಯೇ ಮಾಡಿದ್ದಾನೆ” ಅಂದರು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಉಂಗುಷ್ಟಕ್ಕೆ ಚುಚ್ಚಿದರು. ದಿನ ಮುಗಿಯುವವರೆಗೂ ಅದೇ ತಡೆಯಿತು.

ಆ ಅಂಗಡಿಯ ಮೂಲೆಯಲ್ಲೇ ಕಂಡಿದ್ದು ‘ನಸೋನೆ’. ಎಂದರೆ ದೊಡ್ಡ ಮೂಗು. ಸೊಂಟದೆತ್ತರಕ್ಕೂ ತುಸು ಹೆಚ್ಚಿನ ಎರಕದ ಕಬ್ಬಿಣದ ಕಂಬ, ಅದರಿಂದ ಬಾಗಿದ ಕೊಳವೆ, ಹಗಲೂ ರಾತ್ರಿ ಸುರಿಯುವ ತಣ್ಣನೆಯ ಕುಡಿಯುವ ನೀರು. 1870ರ ದಶಕದಲ್ಲಿ ನೆಡಲು ಶುರುಮಾಡಿದ್ದು, ಈಗ ಊರಲ್ಲೆಲ್ಲ ಸುಮಾರು 2,500 ಇವೆಯಂತೆ. ಅಮ್ಮ ಕುಡಿಯಲಿಲ್ಲ. ಮೊದಲು ಕಂಬದ ಸುತ್ತ ಕೈಯಾಡಿಸಿ ತಿರುಪು ಹುಡುಕಿದರು. ದಿನ ಬಿಟ್ಟು ದಿನ ನೀರು ಬರುವ ಬೀದಿಯವರು. ಸುರಿಯುವ ನಲ್ಲಿಯನ್ನು ಹಾಗೇ ಬಿಟ್ಟು ಹೋಗುವುದು ಅವರ ಕೈಲಾಗದ ಕೆಲಸ. ತಿರುಪೇ ಇಲ್ಲ ಎಂದಾಗ ಅವರಿಗಾದ ಸಂಕಟ ನೋಡಿ ನನಗೆ ನಗು. ಆದರೆ ಅವರ ಲೆಕ್ಕ ತಪ್ಪೇನಲ್ಲ: 2017ರ ಬರಗಾಲದಲ್ಲಿ ರೋಮಿನವರೂ ಇವುಗಳಲ್ಲಿ ಹಲವನ್ನು ನಿಲ್ಲಿಸಬೇಕಾಯಿತು.

ಅಷ್ಟರಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಬಂದು, ಮೂಗಿನ ತುದಿಯನ್ನು ಬೆರಳಿಂದ ಮುಚ್ಚಿದರು. ಕೊಳವೆಯ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಾಗಿ ಚಿಮ್ಮಿತು. ಬಾಗದೆ ಕುಡಿಯಲು ಅದೇ ಉಪಾಯ. ಅಮ್ಮನಿಗೂ ತೋರಿಸಿಕೊಟ್ಟರು. ಭಾಷೆ ಗೊತ್ತಿಲ್ಲದ ಇಬ್ಬರೂ ಸೀರೆ, ಫ್ರಾಕು ನೆನೆಸಿಕೊಂಡು ನಕ್ಕರು. “ಇದು ಅರವಟ್ಟಿಗೆ ಕಣೋ, ಕೂರುವವರು ಯಾರೂ ಇಲ್ಲ ಅಷ್ಟೆ.”

ಮಧ್ಯಾಹ್ನವೆಲ್ಲ ಚಿಲ್ಲರೆ ಕೆಲಸ. ಬಸ್ ಟಿಕೆಟ್ಟಿಗೆ ಬೀಡಿ-ಸಿಗರೇಟಿನ ಅಂಗಡಿ. ನಾಣ್ಯ ಹಾಕಿ ಬಟ್ಟೆ ಒಗೆಯುವ ಯಂತ್ರದ ಮುಂದೆ ಒಂದು ಗಂಟೆ. ವಿತ್ತೋರಿಯೋ ಚೌಕದ ಹತ್ತಿರ ಬಾಂಗ್ಲಾದವರ ಅಂಗಡಿಯಲ್ಲಿ ಮೊಸರು, ಹಸಿಮೆಣಸಿನಕಾಯಿ, ಶುಂಠಿ.

ರಾತ್ರಿ ಮೊಸರನ್ನ ಉಂಡು ತ್ರೇವಿ ಕಾರಂಜಿ ನೋಡಿದೆವು. ನೀರಿಗಿಂತ ಫೋನುಗಳೇ ಹೆಚ್ಚು ಕಂಡವು. ಆ ನೀರಿನ ಕಾಲುವೆಯನ್ನು ಕ್ರಿ.ಪೂ. 19ರಲ್ಲಿ ತರಿಸಿದವನು ರೋಮಿನ ಸೇನಾಪತಿ ಅಗ್ರಿಪ್ಪ. ಪ್ಯಾಂಥಿಯನ್ ಇರುವ ಜಾಗದ ಮೊದಲ ಗುಡಿಯೂ ಅವನದೇ, ಹೆಸರು ಇವತ್ತಿಗೂ ಅದರ ಹಣೆಯ ಮೇಲಿದೆ. ಗುಡಿ ಕಟ್ಟಿಸಿ ನೀರೂ ತರಿಸಿದ ಎಂದರೆ ನಮ್ಮ ಶಾಸನಗಳ ಮಾತಿನಂತೆಯೇ ಕೇಳುತ್ತದೆ.

ಅಂದಹಾಗೆ, ಆಗಸ್ಟ್ ಕೊನೆಯ ವನಭೋಜನಕ್ಕೆ ಬರುವವರು ಗಮನಿಸಿ. ಕಳೆದ ವರ್ಷ ಹನ್ನೆರಡಕ್ಕೇ ನೀರು ಮುಗಿದು ಸಮಿತಿಯವರು ಬೈಸಿಕೊಂಡಿದ್ದೆವು. ಈ ಸಲ ಮರದ ಕೆಳಗೆ ಎರಡು ಡ್ರಮ್ಮು: ಒಂದರಲ್ಲಿ ನೀರು, ಇನ್ನೊಂದರಲ್ಲಿ ಅಮ್ಮನ ನೀರುಮಜ್ಜಿಗೆ. ತಿರುಪು ಇರುವ ಡ್ರಮ್ಮೇ ಬೇಕು ಎಂದು ಅವರ ತಾಕೀತು. ಯಾರ ಮನೆಯಲ್ಲಾದರೂ ಇದ್ದರೆ ತನ್ನಿ.